ತೂಗುಗುಂಡಿನ ತೀರ್ಪು

ಅರಸೀಕೆರೆಯಲ್ಲಿ ರೈಲಿಳಿದು ಹಳೇಬೀಡು, ಬೇಲೂರುಗಳಿಗೆ ಹೋಗುವವರು ಹೊಯ್ಸಳೇಶ್ವರ ಗುಡಿಯ ತಳದ ಸಾಲಿನಲ್ಲಿ ನಡೆಯುವ ಕಲ್ಲಾನೆಗಳನ್ನು ಕಾಣದೆ ಹಿಂದಿರುಗುವುದಿಲ್ಲ. ಅದೇ ಸೀಮೆಯ ಕಾಫಿ ತೋಟಗಳಲ್ಲಿ ಇಂದು ಜೀವಂತ ಆನೆಗಳ ಹಿಂಡೂ ನಡೆದಾಡುತ್ತಿದೆ. ಬೇಲೂರು, ಆಲೂರು, ಸಕಲೇಶಪುರ ತಾಲ್ಲೂಕುಗಳಲ್ಲಿ ಬೆಳೆಯೂ ಹೋಗಿದೆ, ಮನುಷ್ಯರ ಪ್ರಾಣವೂ ಹೋಗಿದೆ. ಹಾವಳಿಯ ಆನೆಯನ್ನು ಹಿಡಿಯಲು ಅರಣ್ಯ ಇಲಾಖೆಯವರು ಅರಿವಳಿಕೆ ಮದ್ದಿನ ಸೂಜಿಯನ್ನು ದೂರದಿಂದ ಹಾರಿಸುತ್ತಾರೆ. ಇದು ಅಪಾಯದ ಕೆಲಸ. ದಸರೆಯಲ್ಲಿ ಎಂಟು ಬಾರಿ ಅಂಬಾರಿ ಹೊತ್ತ ಅರ್ಜುನ, 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನಲ್ಲಿ ಇಂಥ ಕಾರ್ಯಾಚರಣೆಯಲ್ಲೇ ಕಾಡಾನೆಯೊಡನೆ ಕಾದಾಡಿ ಮಡಿದ.

ಸೂಜಿ ಹಾರಿಸುವ ಕೋವಿಯ ಮೇಲೆ ಪುಟ್ಟದೊಂದು ದುರ್ಬೀನನ್ನು ಕೂರಿಸುವುದುಂಟು. ಅದನ್ನು ಮಟ್ಟವಾಗಿ ಕೂರಿಸುವ ಬಗೆಯೇ ನಾನಿಂದು ಹೇಳಹೊರಟಿರುವ ವಿಷಯ. ಇಷ್ಟು ಚಿಕ್ಕ ಸಂಗತಿಗೆ ಒಂದು ಭಾಷಣವೇ ಎಂದು ಕೇಳುಗರು ಶಂಕಿಸಬಹುದು. ಲೆಕ್ಕ ಕೇಳಿದರೆ ಆ ಶಂಕೆ ಉಳಿಯದು.

ದುರ್ಬೀನಿನೊಳಗೆ ಎರಡು ಗೆರೆಗಳಿವೆ: ಒಂದು ಮಲಗಿದ್ದು, ಇನ್ನೊಂದು ನಿಂತದ್ದು. ಅವು ಕೂಡುವ ಬಿಂದುವೇ ಗುರಿ. ಆದರೆ ಸೂಜಿ ನೇರವಾಗಿ ಹಾರುವುದಿಲ್ಲ. ಹೊರಟ ಕ್ಷಣದಿಂದಲೇ ನೆಲದತ್ತ ಇಳಿಯುತ್ತದೆ. ಸೆಕೆಂಡಿಗೆ 60 ಮೀಟರ್ ವೇಗದ ಸೂಜಿ 40 ಮೀಟರ್ ದಾಟುವಷ್ಟರಲ್ಲಿ 2 ಮೀಟರಿಗೂ ಮಿಕ್ಕಿ ಇಳಿದಿರುತ್ತದೆ. 20 ಮೀಟರಿಗೆ ಗುರಿ ಹೊಂದಿಸಿದ ಕೋವಿಯನ್ನು 40 ಮೀಟರಿಗೆ ಬಳಸುವಾಗ ಗುರಿಯನ್ನು ಸುಮಾರು 1.1 ಮೀಟರ್ ಮೇಲೆತ್ತಬೇಕಾಗುತ್ತದೆ. ಈ ಎತ್ತುವಿಕೆ ನಡೆಯುವುದು ನಿಂತ ಗೆರೆಯ ಗುಂಟ. ಕೋವಿಯನ್ನು ನೆಟ್ಟಗೆ ಹಿಡಿದರೂ ಆ ಗೆರೆ 5 ಡಿಗ್ರಿ ವಾಲಿದ್ದರೆ, ಎತ್ತಿದ ಗುರಿಯೂ ಅಷ್ಟೇ ವಾಲುತ್ತದೆ. ಸೂಜಿ 9 ಸೆಂಟಿಮೀಟರಿಗೂ ಹೆಚ್ಚು ಪಕ್ಕಕ್ಕೆ ಸರಿಯುತ್ತದೆ. 20 ಮೀಟರಿನಲ್ಲಿ ಈ ದೋಷ ಕಾಣುವುದೇ ಇಲ್ಲ. ಮೋಸವಿರುವುದು ಅಲ್ಲಿಯೇ.

ಆನೆಯ ತೊಡೆ ವಿಶಾಲವಾದದ್ದು. ಇಷ್ಟು ತಪ್ಪನ್ನು ಅದು ಮನ್ನಿಸೀತು. ಊರಿಗೆ ನುಗ್ಗಿದ ಚಿರತೆಯ ತೊಡೆ ಹಾಗಲ್ಲ. ಮಾಂಸಖಂಡಕ್ಕೆ ಇಳಿಯಬೇಕಾದ ಸೂಜಿ ಹೊಟ್ಟೆಗೆ ನಾಟಿದರೆ ಮದ್ದು ಸರಿಯಾಗಿ ಏರುವುದಿಲ್ಲ. ನೊಂದು ಕೆರಳಿದ ಪ್ರಾಣಿ ಜನರ ನಡುವೆ ಉಳಿಯುತ್ತದೆ.

ಹಾಗಾದರೆ ಕಣ್ಣಳತೆ ಸಾಲದೆ? ಸಾಲದು. ಕೋವಿಗೆ ಕೆನ್ನೆ ಆನಿಸಿದವನ ಕತ್ತು ವಾಲುತ್ತದೆ. ತನ್ನ ವಾಲುವಿಕೆಯೇ ಅವನಿಗೆ ನೇರವೆನಿಸುತ್ತದೆ. ಆದ್ದರಿಂದ ಬರಿದು ಮಾಡಿದ ಕೋವಿಯನ್ನು ಆಸರೆಯಲ್ಲಿ ಅಲುಗದಂತೆ ಇರಿಸಿ, ಅದರ ಸಪಾಟು ಭಾಗದ ಮೇಲೆ ರಸಮಟ್ಟವನ್ನು ಅಡ್ಡಲಾಗಿಟ್ಟು ಗುಳ್ಳೆಯನ್ನು ನಡುವಿಗೆ ತರಬೇಕು. ದೂರದಲ್ಲಿ, ಗಾಳಿಯಾಡದ ಕಡೆ, ನೂಲಿಗೆ ಗುಂಡು ಕಟ್ಟಿ ಇಳಿಬಿಡಬೇಕು. ಬಳೆಗಳ ತಿರುಪು ಸಡಿಲಿಸಿ, ನಿಂತ ಗೆರೆ ಆ ನೂಲಿನಲ್ಲಿ ಲೀನವಾಗುವವರೆಗೆ ದುರ್ಬೀನನ್ನು ಹೊರಳಿಸಬೇಕು. ತಿರುಪು ಬಿಗಿಯುವಾಗ ಕೊಳವೆ ಮತ್ತೆ ಹೊರಳುವುದುಂಟು. ಅದಕ್ಕೇ ಎರಡೂ ಬದಿಗಳಲ್ಲಿ ಸರದಿಯಂತೆ ತುಸುತುಸುವೇ ಬಿಗಿಯುತ್ತ, ಪ್ರತಿ ಸಲವೂ ನೂಲನ್ನು ನೋಡಬೇಕು.

ಬೇಲೂರಿನ ಚೆನ್ನಕೇಶವನ ಅಂಗಳದಲ್ಲಿ ಸುಮಾರು 42 ಅಡಿಯ ದೀಪಸ್ತಂಭವೊಂದಿದೆ. ಪೀಠಕ್ಕೆ ಬಿಗಿಯದೆ, ತನ್ನ ಭಾರದಿಂದಲೇ ಅದು ನಿಂತಿದೆ. ಅದನ್ನು ನಿಲ್ಲಿಸಿದವರಲ್ಲಿ ರಸಮಟ್ಟವಿರಲಿಲ್ಲ. ಅದು 17ನೆಯ ಶತಮಾನದ ಯೂರೋಪಿನ ಶೋಧ. ನೂಲಿನ ತುದಿಯ ಗುಂಡಾದರೋ ನಮ್ಮ ಸ್ಥಪತಿಗಳ ಹಳೆಯ ಸಂಗಾತಿ. ನೆಟ್ಟಗೆ ಎಂಬುದನ್ನು ನಮ್ಮ ಕಣ್ಣು ನಿರ್ಣಯಿಸುವುದಿಲ್ಲ, ಭೂಮಿಯ ಸೆಳೆತ ನಿರ್ಣಯಿಸುತ್ತದೆ ಎಂಬ ವಿನಯವನ್ನು ನಾನು ಆ ಕಂಬದ ಬುಡದಲ್ಲಿ ಕಾಣುತ್ತೇನೆ.

ತೋಟದಲ್ಲಿ ಆನೆ ಎದುರಾದಾಗ ಮಟ್ಟ ನೋಡಲು ಬಿಡುವಿರುವುದಿಲ್ಲ. ಆ ಕೆಲಸ ಹಿಂದಿನ ದಿನವೇ, ನಿಶ್ಚಲವಾದ ಒಂದು ನೂಲಿನ ಮುಂದೆ, ಮುಗಿದಿರಬೇಕು.