ಮೂಕಪಶುವಿಗೆ ನ್ಯಾಯಾಲಯದಲ್ಲಿ ಸ್ಥಾನ: ಒಂದು ಐತಿಹಾಸಿಕ ವಿವೇಚನೆ

ಪಶುಗಳಿಗೆ ಕಾನೂನಿನಲ್ಲಿ ವ್ಯಕ್ತಿತ್ವವನ್ನು ಕೊಡಬೇಕೆ ಎಂಬ ಪ್ರಶ್ನೆ ಈಚಿನ ವರ್ಷಗಳಲ್ಲಿ ಹಲವು ದೇಶಗಳ ನ್ಯಾಯಾಲಯಗಳ ಮುಂದೆ ಬಂದಿದೆ. ಪಶುವಿಗೂ ನೋವುಂಟು, ಆದುದರಿಂದ ಹಕ್ಕೂ ಉಂಟು ಎಂಬುದು ಒಂದು ಪಕ್ಷ. ಹಕ್ಕು ಕರ್ತವ್ಯಗಳ ಅರಿವಿಲ್ಲದ ಜೀವಿಗೆ ವ್ಯಕ್ತಿತ್ವವು ಸಲ್ಲದು ಎಂಬುದು ಇನ್ನೊಂದು ಪಕ್ಷ. ಇವೆರಡೂ ಪಶುವಿನ ಸ್ವಭಾವವನ್ನೇ ಆಧಾರವಾಗಿ ಹಿಡಿಯುತ್ತವೆ. ಆದರೆ ನ್ಯಾಯಶಾಸ್ತ್ರದಲ್ಲಿ 'ವ್ಯಕ್ತಿ' ಎಂಬ ಮಾತು ಮನುಷ್ಯನಿಗೆ ಮಾತ್ರ ಮೀಸಲಾದುದಲ್ಲ. ಸಹಕಾರ ಸಂಘ, ನಗರಸಭೆ, ವಿಶ್ವವಿದ್ಯಾನಿಲಯ ಇವೆಲ್ಲವೂ ತಮ್ಮ ಹೆಸರಿನಲ್ಲಿ ಆಸ್ತಿಯನ್ನು ಹೊಂದಬಲ್ಲವು, ದಾವೆಯನ್ನು ಹೂಡಬಲ್ಲವು. ಮೂಕವಾದುದಕ್ಕೆ ನಮ್ಮ ಸಮಾಜವು ಹಿಂದೆ ಸ್ಥಾನವನ್ನು ಕೊಟ್ಟಾಗ ಆ ಸ್ಥಾನವು ಯಾವುದರ ಬಲದಿಂದ ಉಳಿಯಿತು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ನಮ್ಮ ರಾಯಚೂರು ಪ್ರಾಂತಕ್ಕೆ ಈ ಪ್ರಶ್ನೆ ದೂರದ್ದಲ್ಲ. ರಾಯಚೂರಿನಿಂದ ಗುಂತಕಲ್ಲಿಗೆ ಹೋಗುವ ರೈಲು ಮಾರ್ಗದಲ್ಲಿರುವ ಮಟಮಾರಿಯ ಸುತ್ತಿನಲ್ಲಾಗಲಿ, ಮಾನ್ವಿ ದೇವದುರ್ಗಗಳ ಸೀಮೆಯಲ್ಲಾಗಲಿ, ಬೇಸಾಯದ ಬದುಕು ಬಹುಕಾಲ ಎತ್ತಿನ ಹೆಗಲ ಮೇಲೆ ನಿಂತಿತ್ತು. ಕಾರಹುಣ್ಣಿಮೆಯ ದಿನ ರೈತನು ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕರಿ ಹರಿಸುತ್ತಾನೆ. ಮುಂದಿನ ಅಮಾವಾಸ್ಯೆಗೆ ಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುತ್ತಾನೆ. ಅದೇ ಕಾರಹುಣ್ಣಿಮೆಯ ಕಾಲಕ್ಕೆ ರಾಯಚೂರು ನಗರದಲ್ಲಿ ಮುನ್ನೂರು ಕಾಪು ಸಮಾಜದವರು ನಡೆಸುವ ಮುಂಗಾರು ಹಬ್ಬದಲ್ಲಿ ಜೋಡೆತ್ತುಗಳಿಂದ ಟನ್ನುಗಟ್ಟಲೆ ಭಾರದ ಕಲ್ಲುಗಳನ್ನು ಎಳೆಸುವ ಸ್ಪರ್ಧೆಯನ್ನು ನೋಡಲು ಜನ ಕಿಕ್ಕಿರಿದು ಸೇರುತ್ತಾರೆ. ಪೂಜೆಯೂ ದುಡಿಮೆಯೂ ಇಲ್ಲಿ ಒಂದೇ ಪಶುವಿನ ಪಾಲಿಗೆ ಬಂದಿವೆ. ಪೂಜೆಗೊಂಡ ಎತ್ತಿಗೆ ಕಾನೂನಿನಲ್ಲಿ ಯಾವ ಸ್ಥಾನವಿದೆ ಎಂಬುದು ಮಾತ್ರ ಬೇರೆಯೇ ವಿಚಾರ.

ಕನ್ನಡ ನಾಡಿನ ಶಾಸನಗಳಲ್ಲಿ ಪಶುವಿಗೆ ಸಂದ ಗೌರವದ ಅತ್ಯಂತ ಪ್ರಸಿದ್ಧ ನಿದರ್ಶನವು ಮಂಡ್ಯ ಜಿಲ್ಲೆಯ ಆತಕೂರಿನದು. ಕ್ರಿ. ಶ. 949-50ರ ಈ ಶಾಸನವು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರನು, ಬೇಡಿದ ವರವನ್ನು ಕೊಡುವೆನೆಂದು ಒಡೆಯನು ನುಡಿದಾಗ, ಕಾಳಿಯೆಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಆ ನಾಯಿಯು ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತುವು. ಮಣಲೇರನು ಅದರ ನೆನಪಿಗೆ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ದತ್ತಿಯಾಗಿ ಬಿಟ್ಟನು. ಅಲ್ಲಿಯ ಗೊರವನು ಆ ಕಲ್ಲನ್ನು ಪೂಜಿಸದೆ ಉಣ್ಣಬಾರದು ಎಂಬ ಕಟ್ಟಳೆಯನ್ನೂ, ತಪ್ಪಿದರೆ ತಟ್ಟುವ ಪಾಪವನ್ನೂ ಶಾಸನವು ಹೇಳುತ್ತದೆ. ಇಲ್ಲಿ ಗಮನಾರ್ಹವಾದುದು ನಾಯಿಯ ಶೌರ್ಯವೊಂದೇ ಅಲ್ಲ. ಗೌರವ, ಅದಕ್ಕೆ ಬೇಕಾದ ಆದಾಯ, ಅದನ್ನು ನಡೆಸಬೇಕಾದ ಗೊತ್ತಾದ ಮನುಷ್ಯ, ಅವನು ತಪ್ಪಿದರೆ ದಂಡನೆ ಈ ನಾಲ್ಕೂ ಅಲ್ಲಿ ಒಟ್ಟಿಗೆ ಸೇರಿವೆ. ಹತ್ತನೆಯ ಶತಮಾನದವರು ಗೌರವವನ್ನು ಕೇವಲ ಮಾತಿಗೆ ಬಿಡಲಿಲ್ಲ.

ಇದೇ ವ್ಯವಸ್ಥೆಯು ದೇವಸ್ಥಾನಗಳ ವಿಷಯದಲ್ಲಿ ಮುಂದೆ ನ್ಯಾಯಶಾಸ್ತ್ರದ ರೂಪವನ್ನು ತಾಳಿತು. 1925ರಲ್ಲಿ ಪ್ರಮಥನಾಥ ಮಲ್ಲಿಕರ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲು, ಹಿಂದೂ ದೇವತಾವಿಗ್ರಹವು ನ್ಯಾಯವ್ಯಕ್ತಿಯೆಂದೂ, ಅದನ್ನು ಮನೆಯ ಸಾಮಾನಿನಂತೆ ಭಾವಿಸಲಾಗದೆಂದೂ ನಿರ್ಣಯಿಸಿತು. ಪಾಲಕರಲ್ಲಿಯೇ ವಿವಾದ ಹುಟ್ಟಿದಾಗ ದೇವರ ಪರವಾಗಿ ಸ್ವಂತ ಲಾಭವಿಲ್ಲದ ಒಬ್ಬ ಪ್ರತಿನಿಧಿಯು ಬೇಕೆಂದೂ ಹೇಳಿತು. ವಿಗ್ರಹಕ್ಕೆ ಬುದ್ಧಿಯುಂಟೆ, ನೋವುಂಟೆ ಎಂಬ ಪ್ರಶ್ನೆಯೇ ಅಲ್ಲಿ ಏಳಲಿಲ್ಲ. ಅದರ ಹಿತವನ್ನು ಯಾರು ನೋಡಬೇಕು, ಅವರು ಯಾರಿಗೆ ಲೆಕ್ಕ ಒಪ್ಪಿಸಬೇಕು ಎಂಬುದಷ್ಟೇ ಅಲ್ಲಿ ಮುಖ್ಯವಾಯಿತು.

ದೇವರಿಗೆ ದೊರೆತ ಈ ಸೌಲಭ್ಯವು ದೇವರ ಹೆಸರಿನಲ್ಲಿ ಬಿಟ್ಟ ಪಶುವಿಗೆ ದೊರೆಯಿತೆ? ಈ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನದ ತೀರ್ಪುಗಳಲ್ಲಿ ವಿಚಿತ್ರವಾದ ಉತ್ತರವಿದೆ. ವೃಷೋತ್ಸರ್ಗದಂತಹ ಆಚಾರದಲ್ಲಿ ಸ್ವತಂತ್ರವಾಗಿ ಬಿಟ್ಟ ಗೂಳಿಯು ಯಾರ ಸ್ವತ್ತೂ ಅಲ್ಲವಾದುದರಿಂದ, ಅದನ್ನು ಹಿಡಿದೊಯ್ದರೆ ಕಳವು ಆಗದೆಂದು 1880ರ ದಶಕದಲ್ಲಿ ಅಲಹಾಬಾದಿನ ಉಚ್ಚ ನ್ಯಾಯಾಲಯವು ತೀರ್ಮಾನಿಸಿತು. 1890ರಲ್ಲಿ ಕಲಕತ್ತೆಯ ಉಚ್ಚ ನ್ಯಾಯಾಲಯವೂ ಇದೇ ಹಾದಿಯನ್ನು ಹಿಡಿಯಿತು. ಅದೇ ಕಾಲದಲ್ಲಿ ಮದರಾಸಿನ ಉಚ್ಚ ನ್ಯಾಯಾಲಯವು, ದೇವಾಲಯಕ್ಕೆ ಒಪ್ಪಿಸಿದ ಗೂಳಿಗೆ ದೇವಾಲಯದ ಧರ್ಮದರ್ಶಿಗಳು ಒಡೆಯರೆಂದು ಭಾವಿಸಿ ಅದಕ್ಕೆ ರಕ್ಷಣೆ ಕೊಟ್ಟಿತು. ಆಗ ರಾಯಚೂರು ನಿಜಾಮರ ಆಡಳಿತದಲ್ಲಿದ್ದು, ತುಂಗಭದ್ರೆಯ ಆಚೆಯ ಆದವಾನಿಯು ಮದರಾಸು ಆಧಿಪತ್ಯಕ್ಕೆ ಸೇರಿದ್ದಿತು. ಈ ತೀರ್ಪುಗಳಿಂದ ತಿಳಿದುಬರುವ ತತ್ವ ಸರಳವಾದುದು: ಪುಣ್ಯಕ್ಕಾಗಿ ಹಗ್ಗ ಬಿಚ್ಚಿ ಬಿಟ್ಟ ಪಶುವಿಗೆ ಕಾನೂನಿನ ಆಸರೆ ತಪ್ಪಿತು, ಹಿಂದೆ ಒಬ್ಬ ಪಾಲಕನಿದ್ದ ಪಶುವಿಗೆ ಅದು ಉಳಿಯಿತು.

ಸ್ವಾತಂತ್ರ್ಯಾನಂತರದ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯು ಪಶುವನ್ನು ವಶದಲ್ಲಿಟ್ಟುಕೊಂಡವನ ಮೇಲೆ ಅದರ ಹಿತಕ್ಕಾಗಿ ಕರ್ತವ್ಯವನ್ನು ಹೊರಿಸಿತು. ಆದರೆ ಹಿಂಸೆಯ ಮೊದಲ ಅಪರಾಧಕ್ಕೆ ಅದರಲ್ಲಿ ಬರೆದ ದಂಡವು 10ರಿಂದ 50 ರೂಪಾಯಿ ಮಾತ್ರ. 2014ರ ಮೇ 7ರಂದು ಜಲ್ಲಿಕಟ್ಟಿನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕರ್ತವ್ಯಗಳನ್ನು ಪಶುಗಳ ಹಕ್ಕುಗಳೆಂದು ವ್ಯಾಖ್ಯಾನಿಸಿತು. ಅದರ ಪರಿಣಾಮವು ನಮ್ಮ ಕರಾವಳಿಯ ಕಂಬಳಕ್ಕೂ ತಟ್ಟಿ, ಕರ್ನಾಟಕವು 2017ರಲ್ಲಿ ತಿದ್ದುಪಡಿ ತಂದು ಕಂಬಳಕ್ಕೂ ಎತ್ತಿನ ಗಾಡಿಯ ಓಟಕ್ಕೂ ಅವಕಾಶವನ್ನು ಕಲ್ಪಿಸಿತು. 2023ರ ಮೇ 18ರಂದು ಐವರು ನ್ಯಾಯಾಧೀಶರ ಸಂವಿಧಾನ ಪೀಠವು ಈ ತಿದ್ದುಪಡಿಯನ್ನು ಎತ್ತಿಹಿಡಿದು, ಪಶುಗಳಿಗೆ ಮೂಲಭೂತ ಹಕ್ಕುಗಳಿವೆಯೆಂಬ ವಾದವನ್ನು ಒಪ್ಪಲಿಲ್ಲ. ಹೊರದೇಶದಲ್ಲಿಯೂ, 2022ರಲ್ಲಿ ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯವು ಹ್ಯಾಪಿಯೆಂಬ ಆನೆಯ ಬಿಡುಗಡೆಯ ಬೇಡಿಕೆಯನ್ನು 5-2ರ ಬಹುಮತದಿಂದ ತಳ್ಳಿಹಾಕಿತು.

ಇದಕ್ಕೆ ವಿರುದ್ಧವಾಗಿ 2018ರಲ್ಲಿ ಉತ್ತರಾಖಂಡದ ಉಚ್ಚ ನ್ಯಾಯಾಲಯವು ಸಮಸ್ತ ಪ್ರಾಣಿಸಂಕುಲವನ್ನೇ ನ್ಯಾಯವ್ಯಕ್ತಿಯೆಂದು ಸಾರಿ, ರಾಜ್ಯದ ಸಕಲ ನಾಗರಿಕರನ್ನೂ ಅದರ ಪಾಲಕರನ್ನಾಗಿ ಮಾಡಿತು. ಮರುವರ್ಷ ಪಂಜಾಬು ಹರಿಯಾಣಗಳ ಉಚ್ಚ ನ್ಯಾಯಾಲಯವೂ ಅದನ್ನೇ ಅನುಸರಿಸಿತು. ಉದ್ದೇಶವು ಉದಾತ್ತವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಎಲ್ಲರೂ ಪಾಲಕರಾದಲ್ಲಿ ಲೆಕ್ಕ ಕೇಳಲು ಯಾರೂ ಸಿಕ್ಕುವುದಿಲ್ಲ. 2017ರಲ್ಲಿ ಅದೇ ನ್ಯಾಯಾಲಯವು ಗಂಗಾ ಯಮುನೆಯರನ್ನು ನ್ಯಾಯವ್ಯಕ್ತಿಗಳೆಂದು ಸಾರಿ ಕೆಲವು ಅಧಿಕಾರಿಗಳನ್ನು ಪಾಲಕರನ್ನಾಗಿ ನೇಮಿಸಿದಾಗ, ನದಿಯಿಂದಾಗುವ ಹಾನಿಗೆ ಹೊಣೆ ಯಾರೆಂಬ ಪ್ರಶ್ನೆಯನ್ನು ರಾಜ್ಯ ಸರ್ಕಾರವೇ ಸರ್ವೋಚ್ಚ ನ್ಯಾಯಾಲಯದ ಮುಂದಿಟ್ಟು, ಆ ಆದೇಶಕ್ಕೆ ತಡೆ ದೊರೆಯಿತು.

ಈ ವಿವೇಚನೆಯ ಪ್ರಯೋಜನವು ನಮ್ಮ ರೈತನ ಮುದಿ ಎತ್ತಿನ ವಿಷಯದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 1964ರ ಮೈಸೂರು ಕಾಯಿದೆಯಲ್ಲಿ 12 ವರ್ಷ ಮೀರಿದ ಎತ್ತನ್ನು ಪ್ರಮಾಣಪತ್ರ ಪಡೆದು ವಧೆಗೆ ಕೊಡಲು ಅವಕಾಶವಿದ್ದಿತು. 2020ರ ಕರ್ನಾಟಕ ಕಾಯಿದೆಯು ಆ ಅವಕಾಶವನ್ನು ತೆಗೆದುಹಾಕಿ, ಗೋಶಾಲೆಗಳ ಮಾತನ್ನು ಸೇರಿಸಿತು. ಎತ್ತಿನ ಜೀವಕ್ಕೆ ರಕ್ಷಣೆ ದೊರೆತುದು ನಿಜ. ಆದರೆ ಟ್ರಾಕ್ಟರು ಬಂದ ಊರಿನಲ್ಲಿ, ಮಳೆ ತಪ್ಪಿದ ವರ್ಷದಲ್ಲಿ, ಹೆಗಲು ಕೊಡಲಾರದ ಎತ್ತಿಗೆ ದಿನದ ಮೇವು ನೀರನ್ನು ಒದಗಿಸುವ ಭಾರವು ಬಹುಮಟ್ಟಿಗೆ ಆ ಬಡ ಒಕ್ಕಲಿಗನ ಮೇಲೆಯೇ ಉಳಿಯುತ್ತದೆ. ಅವನು ಸೋತು ಹಗ್ಗ ಬಿಚ್ಚಿದರೆ ಎತ್ತು ಹಿಂದಿನ ಆ ಗೂಳಿಯ ಸ್ಥಿತಿಗೇ ಇಳಿಯುತ್ತದೆ.

ಆದಕಾರಣ ಪಶುವಿಗೆ ವ್ಯಕ್ತಿತ್ವವನ್ನು ಕೊಡಬಹುದೇ ಎಂದರೆ, ನಮ್ಮ ಪರಂಪರೆಯಲ್ಲಿ ಅದಕ್ಕೆ ತಾತ್ವಿಕವಾದ ಅಡ್ಡಿಯಿಲ್ಲ. ಮಾತನಾಡದ ಕಲ್ಲಿಗೆ ಕೊಟ್ಟುದನ್ನು ನೋವನ್ನು ಬಲ್ಲ ಎತ್ತಿಗೆ ನಿರಾಕರಿಸಲು ಕಾರಣವನ್ನು ಹುಡುಕುವುದು ಕಷ್ಟ. ಆದರೆ ಹಾಗೆ ಕೊಡುವ ಶಾಸನವು ಪಾಲಕನನ್ನು ಹೆಸರಿಸಬೇಕು, ಮೇವಿನ ವೆಚ್ಚಕ್ಕೆ ಆದಾಯವನ್ನು ತೋರಿಸಬೇಕು, ಪಾಲಕನು ತಪ್ಪಿದರೆ ಅವನನ್ನು ಬದಲಾಯಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಡಬೇಕು. ಇವಿಲ್ಲದೆ ಘೋಷಿಸಿದ ವ್ಯಕ್ತಿತ್ವವು ಮಣ್ಣೆತ್ತಿಗೆ ಸಲ್ಲುವ ಪೂಜೆಯಂತೆ ಒಂದು ದಿನದ ಗೌರವವಾದೀತು. ಆತಕೂರಿನ ಮಣಲೇರನು ಕಲ್ಲನ್ನು ನಿಲ್ಲಿಸಿದಾಗ ಅದರೊಡನೆ ಭೂಮಿಯನ್ನೂ ಬಿಟ್ಟಿದ್ದನೆಂಬುದನ್ನು ಇಂದಿನ ಶಾಸನಕರ್ತರು ಗಮನಿಸುವುದು ಒಳ್ಳೆಯದು.