ಹೇಳಿಕೊಂಡರೆ ಹಗುರಾಗುತ್ತದೆಯೇ?

ನೊಂದವರಿಗೆ ನಾವು ಹೇಳುವ ಮಾತು ಎರಡು. ‘ಒಳಗೇ ಇಟ್ಟುಕೊಂಡು ಕೊರಗಬೇಡ, ಹೇಳಿಬಿಡು’ ಎನ್ನುವುದು ಒಂದು. ‘ಆದದ್ದು ಆಗಿಹೋಯಿತು, ಮತ್ತೆ ಕೆದಕಬೇಡ’ ಎನ್ನುವುದು ಇನ್ನೊಂದು. ಎರಡೂ ಪ್ರೀತಿಯಿಂದಲೇ ಬರುತ್ತವೆ, ಎಷ್ಟೋ ಸಲ ಒಬ್ಬರ ಬಾಯಿಂದಲೇ ಬರುತ್ತವೆ. ಆದರೆ ಅಪಘಾತ, ಅತ್ಯಾಚಾರ, ಗಲಭೆ, ಯುದ್ಧಗಳಿಂದ ಬದುಕುಳಿದವರ ವಿಷಯದಲ್ಲಿ ಎರಡೂ ಅರ್ಧ ಸತ್ಯ. ಯಾವಾಗ ಹೇಳಬೇಕು, ಯಾರ ಮುಂದೆ, ಎಷ್ಟು ಎಂಬುದು ನೊಂದವರ ಕೈಯಲ್ಲಿದೆಯೇ, ಕೇಳಿಸಿಕೊಂಡವರು ಆಮೇಲೆ ಏನು ಮಾಡಿದರು ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ತಪ್ಪು ಕಲ್ಪನೆ: ಘಟನೆ ನಡೆದ ಕೂಡಲೇ ಎಲ್ಲವನ್ನೂ ಹೇಳಿಸಿಬಿಡಬೇಕು

ಈ ನಂಬಿಕೆಗೆ ಒಂದು ಕಾಲಕ್ಕೆ ವೈದ್ಯಕೀಯದ ಬೆಂಬಲವೂ ಇತ್ತು. ಅಗ್ನಿಶಾಮಕ ದಳ, ಆಂಬುಲೆನ್ಸ್ ಸಿಬ್ಬಂದಿಯಂಥವರಿಗಾಗಿ ಅಮೆರಿಕದ ಜೆಫ್ರಿ ಮಿಚೆಲ್ 1983ರಲ್ಲಿ ಒಂದು ವಿಧಾನ ರೂಪಿಸಿದರು. ದುರಂತ ನಡೆದ ಕೆಲವೇ ದಿನಗಳಲ್ಲಿ ಎಲ್ಲರನ್ನೂ ಕೂರಿಸಿ, ಕಂಡದ್ದು, ಅನಿಸಿದ್ದು ಎಲ್ಲವನ್ನೂ ಹೇಳಿಸುವುದು. ಇದಕ್ಕೆ ‘ಡಿಬ್ರೀಫಿಂಗ್’ ಎಂದು ಹೆಸರಾಯಿತು. ನೋಡನೋಡುತ್ತ ಇದು ಸಿಬ್ಬಂದಿಯನ್ನು ದಾಟಿ ಸಂತ್ರಸ್ತರಿಗೂ ಬಂತು.

1997ರಲ್ಲಿ ಬ್ರಿಟನ್ನಿನ ಸಂಶೋಧಕರು ಸುಟ್ಟಗಾಯಗಳಿಂದ ಆಸ್ಪತ್ರೆ ಸೇರಿದವರ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಕೆಲವರನ್ನು ಈ ವಿಧಾನದಲ್ಲಿ ಮಾತಾಡಿಸಿದ್ದರು, ಉಳಿದವರನ್ನು ಅವರಷ್ಟಕ್ಕೆ ಬಿಟ್ಟಿದ್ದರು. ಹದಿಮೂರು ತಿಂಗಳ ನಂತರ ನೋಡಿದರೆ, ಮಾತಾಡಿಸಿದವರಲ್ಲಿ ಶೇ. 26 ಮಂದಿಗೆ ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ ಇತ್ತು, ಬಿಟ್ಟವರಲ್ಲಿ ಶೇ. 9ಕ್ಕೆ. ಮಾತಾಡಿಸಿದವರ ಗಾಯಗಳೇ ಮೊದಲಿನಿಂದ ಹೆಚ್ಚು ತೀವ್ರವಾಗಿದ್ದವು ಎಂಬ ತಕರಾರಿನಲ್ಲಿ ಹುರುಳಿದೆ. ಆದರೆ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದ 2002ರ ಕಾಕ್ರೇನ್ ವಿಮರ್ಶೆಯೂ, ಒಂದೇ ಸಲ ಕೂರಿಸಿ ಹೇಳಿಸುವುದರಿಂದ ಕಾಯಿಲೆ ತಡೆಯಲಾಗದು, ಇದನ್ನು ಕಡ್ಡಾಯ ಮಾಡುವುದು ನಿಲ್ಲಬೇಕು ಎಂದಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯ ಪ್ರಕಾರ ಮೊದಲ ದಿನಗಳಲ್ಲಿ ಬೇಕಾದದ್ದು ಸುರಕ್ಷಿತ ಜಾಗ, ಊಟ, ನೀರು, ಮನೆಯವರ ಸುಳಿವು. ಅವರಾಗಿ ಮಾತಾಡಿದರೆ ಕೇಳಿ, ಒತ್ತಾಯಿಸಿ ಬಾಯಿ ಬಿಡಿಸಬೇಡಿ ಎನ್ನುತ್ತದೆ ಅದು.

ಮನೆ ಕುಸಿದು ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ಮೈಕ್ ಹಿಡಿದು ‘ಈಗ ನಿಮಗೆ ಏನನ್ನಿಸ್ತಿದೆ ಅಮ್ಮಾ?’ ಎಂದು ಕೇಳುವುದು ಸಾಂತ್ವನವೂ ಅಲ್ಲ, ಸುದ್ದಿಯೂ ಅಲ್ಲ. ಅದು ನಿಲ್ಲಬೇಕು.

ತಪ್ಪು ಕಲ್ಪನೆ: ಬಾಯಿ ಬಿಡದವರಿಗೆ ಮುಂದೆ ತೊಂದರೆ ಕಟ್ಟಿಟ್ಟದ್ದು

2001ರ ಸೆಪ್ಟೆಂಬರ್ 11ರ ದಾಳಿಯ ಬೆನ್ನಲ್ಲೇ ಅಮೆರಿಕದಾದ್ಯಂತ ಸಾವಿರಾರು ಜನರಿಗೆ, ಮನಸ್ಸಿಗೆ ಬಂದದ್ದನ್ನು ಬರೆಯಲು ಸಂಶೋಧಕರು ಅವಕಾಶ ಕೊಟ್ಟರು. ಕೆಲವರು ಬರೆದರು, ಕೆಲವರು ಬೇಡವೆಂದರು. ಮುಂದಿನ ಎರಡು ವರ್ಷ ಎರಡೂ ಗುಂಪನ್ನು ಗಮನಿಸಿದಾಗ, ಸುಮ್ಮನಿದ್ದವರೇ ಹೆಚ್ಚು ನೆಮ್ಮದಿಯಿಂದಿದ್ದರು. ಮೌನವೇ ಮದ್ದು ಎಂದು ಇದರಿಂದ ಸಾಬೀತಾಗುವುದಿಲ್ಲ. ಹೆಚ್ಚು ಕಲಕಿಹೋದವರೇ ಬರೆಯಲು ಮುಂದಾಗಿರಬಹುದು. ಆದರೆ ಮಾತಾಡದ ಗಂಡಸನ್ನೋ, ಅಳದ ಹೆಂಗಸನ್ನೋ ಕಂಡು ‘ಇವರಿಗೇನೋ ಆಗಿದೆ’ ಎಂದು ಗಾಬರಿಯಾಗಬೇಕಿಲ್ಲ. ಆಘಾತಕ್ಕೆ ಸಿಕ್ಕಿದವರಲ್ಲಿ ಹೆಚ್ಚಿನವರಿಗೆ ಪಿಟಿಎಸ್‌ಡಿ ಬರುವುದೇ ಇಲ್ಲ.

ತಪ್ಪು ಕಲ್ಪನೆ: ಹಳೆಯದನ್ನು ಕೆದಕಿದರೆ ಕಾಯಿಲೆ ಹೆಚ್ಚುತ್ತದೆ

ಹಾಗಾದರೆ ಯಾರೂ ಏನೂ ಹೇಳಬೇಡಿ ಎಂದೇ? ಅಲ್ಲ. ತಿಂಗಳುಗಳು ಉರುಳಿದರೂ ಅದೇ ದೃಶ್ಯ ಕಣ್ಣಮುಂದೆ ಬರುತ್ತಿದ್ದರೆ, ನಿದ್ದೆಯಲ್ಲಿ ಬೆಚ್ಚಿಬೀಳುತ್ತಿದ್ದರೆ, ಆ ದಾರಿಯಲ್ಲೇ ಓಡಾಡಲು ಆಗದಿದ್ದರೆ, ಆಗ ತರಬೇತಿ ಪಡೆದವರ ಜೊತೆ ಕೂತು ಕಥೆಯನ್ನು ಹೇಳುವುದೇ ಬಲವಾದ ಪುರಾವೆಯುಳ್ಳ ಚಿಕಿತ್ಸೆ. ಹೇಳಿದ ದಿನ ಸಂಕಟ ಹೆಚ್ಚಬಹುದು. ಅಷ್ಟಕ್ಕೇ ‘ಕೆದಕಿದ್ದು ತಪ್ಪಾಯಿತು’ ಎಂದು ಕೈಬಿಡುವವರು ಬಹಳ. 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ವಿದ್ಯಾರ್ಥಿಗಳಿಗೆ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ ತಮ್ಮ ಅತ್ಯಂತ ನೋವಿನ ಅನುಭವ ಬರೆಯಲು ಹೇಳಿದಾಗಲೂ ಹಾಗೇ ಆಯಿತು: ಬರೆದ ಕೂಡಲೇ ಮನಸ್ಸು ಭಾರವಾಯಿತು, ಆದರೆ ಮುಂದಿನ ತಿಂಗಳುಗಳಲ್ಲಿ ಅವರು ವೈದ್ಯರ ಬಳಿ ಹೋದದ್ದು ಕಡಿಮೆ.

ನನಗೆ ಬಹಳ ಗೌರವವಿರುವುದು ಜರ್ಮನಿಯ ಮ್ಯಾಗಿ ಶೌಅರ್, ಫ್ರಾಂಕ್ ನಾಯ್ನರ್, ಥಾಮಸ್ ಎಲ್ಬರ್ಟ್ ಯುದ್ಧ ಸಂತ್ರಸ್ತರಿಗಾಗಿ ರೂಪಿಸಿದ ವಿಧಾನದ ಮೇಲೆ. ನೊಂದವರ ಕೈಗೆ ಒಂದು ಹಗ್ಗ ಕೊಡುತ್ತಾರೆ. ಹುಟ್ಟಿನಿಂದ ಇಂದಿನವರೆಗಿನ ಬದುಕೇ ಆ ಹಗ್ಗ. ಒಳ್ಳೆಯದು ನಡೆದ ಕಡೆ ಹೂವು, ಕೆಟ್ಟದ್ದು ನಡೆದ ಕಡೆ ಕಲ್ಲು ಇಡಬೇಕು. ಆಮೇಲೆ ಬದುಕನ್ನು ಮೊದಲಿನಿಂದ ಕ್ರಮವಾಗಿ ಹೇಳುತ್ತ ಬರಬೇಕು. ಕಲ್ಲು ಬಂದಲ್ಲಿ ನಿಧಾನಿಸಿ, ಎಲ್ಲಿ, ಯಾವಾಗ, ಏನು ಕಂಡಿತು, ಮೈಗೆ ಏನಾಯಿತು ಎಂದು ವಿವರವಾಗಿ. ಚಿಕಿತ್ಸಕರು ಅದನ್ನು ಬರೆದುಕೊಂಡು ಮುಂದಿನ ಭೇಟಿಯಲ್ಲಿ ಓದಿ ಹೇಳುತ್ತಾರೆ, ತಪ್ಪಿದ್ದನ್ನು ನೊಂದವರು ತಿದ್ದುತ್ತಾರೆ. ಕೊನೆಗೆ ಇಡೀ ಬರಹ ಅವರದೇ. ನಿನ್ನೆ ಮೊನ್ನೆಯಂತೆ ಕಾಡುತ್ತಿದ್ದ ಘಟನೆ ಹೀಗೆ ಒಂದು ಊರಿಗೆ, ಒಂದು ಇಸವಿಗೆ ಸೇರುತ್ತದೆ. ಉಗಾಂಡದ ಇಂವೇಪಿ ಶಿಬಿರದಲ್ಲಿದ್ದ ಸುಡಾನ್ ನಿರಾಶ್ರಿತರಿಗೆ ಇಂಥ ನಾಲ್ಕೇ ಭೇಟಿ ಸಿಕ್ಕಿದ್ದವು. 2004ರಲ್ಲಿ ಪ್ರಕಟವಾದ ಫಲಿತಾಂಶದಂತೆ, ವರ್ಷದ ನಂತರ ಇವರಲ್ಲಿ ಶೇ. 29 ಮಂದಿಗೆ ಪಿಟಿಎಸ್‌ಡಿ ಉಳಿದಿತ್ತು. ಬರೀ ಸಮಾಧಾನದ ಆಪ್ತಸಲಹೆ ಪಡೆದವರಲ್ಲಿ ಶೇ. 79ಕ್ಕೆ.

ನಮ್ಮಲ್ಲಿ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದವರು ಟೆಲಿ ಮಾನಸ್‌ಗೆ, 14416ಕ್ಕೆ, ಹಗಲಿರುಳು ಯಾವಾಗ ಬೇಕಾದರೂ ಕನ್ನಡದಲ್ಲೇ ಕರೆ ಮಾಡಬಹುದು. ಶುಲ್ಕವಿಲ್ಲ.

ತಪ್ಪು ಕಲ್ಪನೆ: ಊರ ಮುಂದೆ ಹೇಳಿದರೆ ಗಾಯ ಮಾಯುತ್ತದೆ

ದಕ್ಷಿಣ ಆಫ್ರಿಕದಲ್ಲಿ ವರ್ಣಭೇದದ ಆಡಳಿತ ಕೊನೆಗೊಂಡ ಮೇಲೆ, ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರ ಅಧ್ಯಕ್ಷತೆಯ ಸತ್ಯ ಮತ್ತು ಸಾಮರಸ್ಯ ಆಯೋಗ 1996ರ ಏಪ್ರಿಲ್‌ನಲ್ಲಿ ವಿಚಾರಣೆ ಆರಂಭಿಸಿತು. 21,000ಕ್ಕೂ ಹೆಚ್ಚು ಜನ ತಮ್ಮ ಹೇಳಿಕೆ ಕೊಟ್ಟರು, ಅವರಲ್ಲಿ ಸುಮಾರು ಹತ್ತನೇ ಒಂದು ಭಾಗ ಸಭೆಯ ಮುಂದೆ ಮಾತಾಡಿದರು. ಮಾತೇ ಮದ್ದು ಎಂದು ದೇಶ ನಂಬಿತ್ತು. 2001ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬಹಿರಂಗವಾಗಿ ಹೇಳಿದವರು, ಗುಟ್ಟಾಗಿ ಹೇಳಿದವರು, ಹೇಳದೇ ಇದ್ದವರು ಈ ಮೂರೂ ಗುಂಪಿನ ಮಾನಸಿಕ ಆರೋಗ್ಯದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಸಿಯೆರಾ ಲಿಯೋನ್‌ನ 200 ಹಳ್ಳಿಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಕಠೋರ. ಸಂತ್ರಸ್ತರನ್ನೂ ತಪ್ಪಿತಸ್ಥರನ್ನೂ ಎದುರುಬದುರು ಕೂರಿಸಿದ ಊರುಗಳಲ್ಲಿ ಕ್ಷಮೆ ಹೆಚ್ಚಿತು, ಊರು ಒಗ್ಗೂಡಿತು. ಖಿನ್ನತೆ, ಆತಂಕ, ಪಿಟಿಎಸ್‌ಡಿಗಳೂ ಹೆಚ್ಚಿದವು.

ಆಯೋಗದ ಮುಂದೆ ಹೇಳಿದ್ದು ವ್ಯರ್ಥವೆಂದು ನಾನು ಎಂದೂ ಹೇಳಲಾರೆ. ಸುಳ್ಳನ್ನೇ ಸರ್ಕಾರಿ ಸತ್ಯವಾಗಿಸಿದ್ದ ದೇಶಕ್ಕೆ ಆ ದಾಖಲೆ ಬೇಕೇಬೇಕಿತ್ತು. ಆದರೆ ದೇಶಕ್ಕೆ ಆದ ಲಾಭವನ್ನು ಹೇಳಿದವರಿಗೆ ಆದ ಗುಣವೆಂದು ಲೆಕ್ಕ ಹಾಕಬಾರದು. ಆರು ವರ್ಷ ಕಾಲ ಪರಿಹಾರ ಕೊಡಿ ಎಂದು ಆಯೋಗ ಶಿಫಾರಸು ಮಾಡಿತ್ತು. 2003ರಲ್ಲಿ ಸರ್ಕಾರ ಘೋಷಿಸಿದ್ದು ಒಂದೇ ಸಲದ 30,000 ರಾಂಡ್. ಎಲ್ಲವನ್ನೂ ತೆರೆದು ಹೇಳಿದವರಿಗೆ ಸಿಕ್ಕ ಉತ್ತರ ಅದು.

ತಪ್ಪು ಕಲ್ಪನೆ: ನಿಜವಾಗಿದ್ದರೆ ಅಂದೇ ಹೇಳುತ್ತಿದ್ದರು, ಪ್ರತಿ ಸಲವೂ ಒಂದೇ ಥರ ಹೇಳುತ್ತಿದ್ದರು

ಭಯದ ಹೊತ್ತಿನಲ್ಲಿ ಮನಸ್ಸು ಕೆಲವನ್ನು ಕೊರೆದಿಟ್ಟುಕೊಳ್ಳುತ್ತದೆ, ಉಳಿದದ್ದನ್ನು ಬಿಡುತ್ತದೆ. ಚಾಕುವಿನ ಹಿಡಿ ನೆನಪಿದ್ದು ಗಂಟೆ ಎಷ್ಟಾಗಿತ್ತೆಂಬುದು ನೆನಪಿಲ್ಲದಿರುವುದು ಸಹಜ. ಪಂಜಾಬ್ ಸರ್ಕಾರ ಮತ್ತು ಗುರ್ಮಿತ್ ಸಿಂಗ್ ನಡುವಿನ ಪ್ರಕರಣದಲ್ಲಿ 1996ರಲ್ಲೇ ಸುಪ್ರೀಂ ಕೋರ್ಟ್, ಸಣ್ಣಪುಟ್ಟ ವ್ಯತ್ಯಾಸಗಳಿಗಾಗಿ ಅತ್ಯಾಚಾರ ಸಂತ್ರಸ್ತೆಯ ಸಾಕ್ಷ್ಯವನ್ನು ತಳ್ಳಿಹಾಕಬಾರದು, ಮರ್ಯಾದೆಗೆ ಅಂಜಿ ಮನೆಯವರು ದೂರು ಕೊಡಲು ತಡಮಾಡುವುದು ಅಸಹಜವಲ್ಲ ಎಂದಿತು. ಇಂದಿಗೂ ಮೊದಲು ಏಳುವ ಪ್ರಶ್ನೆ ‘ಇಷ್ಟು ದಿನ ಯಾಕೆ ಸುಮ್ಮನಿದ್ದೆ?’ ಎಂಬುದೇ. ಕೇಳಿದವರು ನಂಬದೇ ಹೋದರೆ ಆ ಪೆಟ್ಟು ಬಹುಕಾಲ ಉಳಿಯುತ್ತದೆ, ಮತ್ತೆ ಯಾರ ಬಳಿಯೂ ಬಾಯಿ ತೆರೆಯದಂತೆ ಮಾಡುತ್ತದೆ.

ಅತ್ಯಾಚಾರ ಸಂತ್ರಸ್ತರ ಹೆಸರು, ಗುರುತು ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಂತೆ ಎರಡು ವರ್ಷದವರೆಗೆ ಜೈಲು ಶಿಕ್ಷೆಯ ಅಪರಾಧ. ಸಂತ್ರಸ್ತೆ ತಾನೇ ಲಿಖಿತವಾಗಿ ಒಪ್ಪಿಗೆ ಕೊಟ್ಟರೆ ಅದಕ್ಕೆ ವಿನಾಯಿತಿಯಿದೆ. ‘ನಮ್ಮ ಹುಡುಗಿಗೆ ನ್ಯಾಯ ಕೊಡಿಸಿ’ ಎಂದು ಫೋಟೊ ಸಮೇತ ವಾಟ್ಸ್‌ಆ್ಯಪ್‌ನಲ್ಲಿ ಹಂಚುವವರ ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಆ ಹುಡುಗಿಯನ್ನು ಕೇಳದೆ ಅವಳ ಕಥೆಯನ್ನು ಊರಿಗೆಲ್ಲ ಹೇಳುವ ಹಕ್ಕು ಅವರಿಗಿಲ್ಲ.