ಗಾಣಕ್ಕೂ ಬಾಣಲೆಗೂ ಒಗ್ಗುವ ಕಡಲೆಕಾಯಿ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕೆಂಪು ಮಣ್ಣಿನಲ್ಲಿ ಮಳೆ ನಂಬಿ ಬೆಳೆಯುವ ಕಡಲೆಕಾಯಿಯ ಮಾತೆತ್ತಿದರೆ ಟಿಎಂವಿ–2 ತಳಿಯಿಂದಲೇ ಶುರು ಮಾಡಬೇಕು. ವೆಲ್ಲೂರು ಸೀಮೆಯ ಗುಡಿಯಾತ್ತಂ ಹೆಸರಿನ ಗೊಂಚಲು ಬಗೆಯಿಂದ ಆರಿಸಿ, ತಿಂಡಿವನಂ ಸಂಶೋಧನಾ ಕೇಂದ್ರದವರು 1940ರಲ್ಲಿ ಬಿಡುಗಡೆ ಮಾಡಿದ ತಳಿ ಅದು. ಸುಮಾರು ನೂರಹತ್ತು ದಿನಕ್ಕೆ ಕೀಳಲು ಬರುತ್ತದೆ, ಕಾಳಿನ ತೂಕದಲ್ಲಿ ಹತ್ತಿರಹತ್ತಿರ ಅರ್ಧ ಎಣ್ಣೆ. ಎಲೆಚುಕ್ಕೆ, ತುಕ್ಕು ರೋಗಗಳಿಗೆ ಬೇಗ ತುತ್ತಾಗುತ್ತದೆ ಎಂದು ಗೊತ್ತಿದ್ದೂ ರೈತರು ತಲೆಮಾರುಗಳ ಕಾಲ ಅದನ್ನು ಬಿಡಲಿಲ್ಲ.

ಅದರ ಜಾಗ ತುಂಬುವ ಕೆಲಸ ನಡೆದದ್ದು ಹತ್ತಿರದಲ್ಲೇ. 2007ರವರೆಗೆ ಕೋಲಾರ ಜಿಲ್ಲೆಗೇ ಸೇರಿದ್ದ ಚಿಂತಾಮಣಿಯ ಕೃಷಿ ಸಂಶೋಧನಾ ಕೇಂದ್ರ ಕೆಸಿಜಿ–2, ಕೆಸಿಜಿ–6 ತಳಿಗಳನ್ನು ಕೊಟ್ಟಿತು. ಈ ಕೆಲಸಕ್ಕೆ ಬೇಕಾದ ತಾಳ್ಮೆ ದೊಡ್ಡದು. ಕಡಲೆಕಾಯಿ ಹೂ ತನ್ನ ಪರಾಗವನ್ನೇ ತಾನು ಬಳಸಿಕೊಳ್ಳುವ ಜಾತಿ. ಸಂಜೆ ಮೊಗ್ಗನ್ನು ಚಿಮುಟದಿಂದ ಬಿಡಿಸಿ ಅದರ ಕೇಸರಗಳನ್ನೆಲ್ಲ ತೆಗೆಯಬೇಕು. ಮರುದಿನ ಬೆಳಗಿನ ಜಾವ ಬೇರೆ ತಳಿಯ ಪರಾಗ ಮುಟ್ಟಿಸಬೇಕು. ಆ ಹೂವಿನ ಬುಡದಿಂದ ಹೊರಟ ಮೊನೆ ಮಣ್ಣಿಗಿಳಿದು ಕಾಯಾದರೆ ಸಿಗುವುದು ಒಂದೆರಡು ಬೀಜ. ಅಲ್ಲಿಂದ ಹಲವು ಪೀಳಿಗೆ ಬೆಳೆಸಿ, ಆರಿಸಿ, ಮತ್ತೆ ಬೆಳೆಸಬೇಕು.

ಇಷ್ಟು ಕಾಲ ಈ ಆಯ್ಕೆಯಲ್ಲಿ ಇಳುವರಿ, ರೋಗ, ಬರ ಇವೇ ಮುಂದಿದ್ದವು. ಹುರಿಯುವವರಿಗೆ, ಕಡಲೆ ಮಿಠಾಯಿ ಮಾಡುವವರಿಗೆ ಬೇಕಾದದ್ದು ಬೇರೆ. ಕಾಳು ಒಂದೇ ಗಾತ್ರದ್ದಿರಬೇಕು. ಇಲ್ಲದಿದ್ದರೆ ದೊಡ್ಡದು ಬೇಯುವಷ್ಟರಲ್ಲಿ ಸಣ್ಣದು ಕರಕಲು. ಉಜ್ಜಿದರೆ ಸಿಪ್ಪೆ ಸಲೀಸಾಗಿ ಬಿಡಬೇಕು. ಇವೆರಡೂ ಬಹುಪಾಲು ತಳಿಯ ಗುಣಗಳೇ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಕಮಟು. ಎಣ್ಣೆಯಲ್ಲಿರುವ ಲಿನೋಲಿಕ್ ಆಮ್ಲ ಗಾಳಿ ತಾಗಿ ಬೇಗ ಕೆಡುತ್ತದೆ. ಓಲಿಕ್ ಆಮ್ಲ ನಿಧಾನ. ಓಲಿಕ್ ಪ್ರಮಾಣ ಬಹಳ ಹೆಚ್ಚಿರುವ ಗಿಡವೊಂದು ಅಮೆರಿಕದ ಫ್ಲಾರಿಡಾದಲ್ಲಿ ಸಿಕ್ಕ ಸಂಗತಿ 1987ರಲ್ಲಿ ಪ್ರಕಟವಾಯಿತು. ಆ ಗುಣವಿರುವ ಸನ್‌ಓಲಿಕ್ 95ಆರ್ ತಳಿಯನ್ನು ನಮ್ಮ ನೆಲದ ಸಾಲುಗಳೊಂದಿಗೆ ಕೂಡಿಸಿ, ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆ ಮತ್ತು ಜುನಾಗಢದ ಕಡಲೆಕಾಯಿ ಸಂಶೋಧನಾ ನಿರ್ದೇಶನಾಲಯ ಗಿರ್ನಾರ್–4, ಗಿರ್ನಾರ್–5 ಎಂಬ ತಳಿಗಳನ್ನು ತಂದಿವೆ. ಅವುಗಳ ಎಣ್ಣೆಯಲ್ಲಿ ಓಲಿಕ್ ಶೇ 80ರ ಆಸುಪಾಸು. ಸಾಮಾನ್ಯ ತಳಿಗಳಲ್ಲಿ ಅದು ಅರ್ಧದಷ್ಟಿದ್ದರೆ ಹೆಚ್ಚು. ತಿಂಗಳುಗಟ್ಟಲೆ ಅಂಗಡಿಯಲ್ಲಿ ಕೂರಬೇಕಾದ ತಿಂಡಿಗೆ ಈ ವ್ಯತ್ಯಾಸ ಪ್ರಾಣದಂತೆ.

ತಳಿ ಒಂದೇ ಎಲ್ಲವನ್ನೂ ಕಾಯಲಾರದು. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಮಣ್ಣಿನ ಬೂಷ್ಟು ಕಾಯೊಳಗೆ ಹೊಕ್ಕು ಅಫ್ಲಾಟಾಕ್ಸಿನ್ ವಿಷ ಸೇರುತ್ತದೆ. ಕಿತ್ತ ಗಿಡವನ್ನು ಕಾಯಿ ಮೇಲಾಗಿ ಮಗುಚಿ ಚೆನ್ನಾಗಿ ಒಣಗಿಸದಿದ್ದರೆ ಒಳ್ಳೆಯ ತಳಿಯೂ ವ್ಯರ್ಥ.

ಸಾಮಾನ್ಯವಾಗಿ ಮಂಡಿಯಲ್ಲಿ ಬೆಲೆ ಕಟ್ಟುವುದು ತೂಕ, ಒಣಗು, ಕಾಳಿನ ತುಂಬು ನೋಡಿ. ಓಲಿಕ್ ಹೆಚ್ಚಿದ್ದರೂ ಕಣ್ಣಿಗೆ ಕಾಣದು, ರೈತನಿಗೆ ಕಾಸೂ ಬಾರದು. ಗಾಣದವರು, ಮಿಠಾಯಿ ತಯಾರಕರು ಈ ನಾಲ್ಕು ತಾಲ್ಲೂಕುಗಳ ರೈತ ಗುಂಪುಗಳ ಜತೆ ಬಿತ್ತನೆಗೆ ಮೊದಲೇ ಕೂತು, ಇಂಥ ತಳಿಗೆ ಇಷ್ಟು ಹೆಚ್ಚುವರಿ ದರ ಎಂದು ಬರೆದುಕೊಡಲಿ. ರೈತರು ಬೇರೆ ಬೀಜ ಬೆರೆಸದೆ ಊರಿಗೊಂದು ತಳಿ ಬೆಳೆಯಲಿ.